ಚೀಟಿಯಲ್ಲಿ ಬರೆದ ತಲೆನೋವು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಹನೂರು ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಒಂದು ಸೋಮವಾರ ತಾಯಮ್ಮ ಎಂಬಾಕೆ ಗಂಡ ಸಿದ್ದರಾಜುವನ್ನು ಕರೆತಂದಳು. ಕುಂತೂರಿನ ಕಾರ್ಖಾನೆಗೆ ಟ್ರ್ಯಾಕ್ಟರಿನಲ್ಲಿ ಕಬ್ಬು ಸಾಗಿಸುತ್ತಿದ್ದ ಆತ ಎರಡು ತಿಂಗಳಿಂದ ಕೆಲಸಕ್ಕೆ ಹೋಗಿರಲಿಲ್ಲ. ಯಾರೋ ಕಿವಿಯಲ್ಲಿ ಬೈಯುತ್ತಾರೆ, ಅನ್ನಕ್ಕೆ ವಿಷ ಹಾಕುತ್ತಾರೆ ಎಂದು ಊಟವನ್ನೂ ಬಿಡುತ್ತಾ ಬಂದಿದ್ದ. ಆಸ್ಪತ್ರೆಗೆ ಸೇರಿಸಲೇಬೇಕಿತ್ತು.

"ಮೈಸೂರಲ್ಲಿ ಎರಡು ಕಡೆ ಓಗಿದ್ದೊ ಸಾ. ತಲೆ ಡಾಕ್ಟ್ರತ್ರ ಈ ಕಾರ್ಡ್ ನಡಿಯಲ್ಲ ಅಂದ್ರು," ಎಂದು ತಾಯಮ್ಮ ಸರ್ಕಾರಿ ವಿಮೆಯ ಆರೋಗ್ಯ ಕಾರ್ಡನ್ನು ಮೇಜಿನ ಮೇಲಿಟ್ಟಳು.

ಎರಡು ದಿನ ಬಿಡುವಾದಾಗಲೆಲ್ಲ ಫೋನು ಹಿಡಿದು ಕೂತೆ. ಒಂಬತ್ತನೇ ಕರೆಗೆ, ಕಾರ್ಡ್ ಒಪ್ಪುವ ಮನೋವೈದ್ಯ ವಿಭಾಗವಿರುವ ಆಸ್ಪತ್ರೆಯೊಂದು ಮೈಸೂರಿನಲ್ಲೇ ಸಿಕ್ಕಿತು. ಅವರು ಕೇಳಿದ್ದು ರೆಫರಲ್ ಚೀಟಿ, ಅಂದರೆ ಯಾವ ಕಾಯಿಲೆಗೆ ಕಳಿಸುತ್ತಿದ್ದೇವೆ ಎಂದು ಸರ್ಕಾರಿ ವೈದ್ಯರು ಬರೆದುಕೊಡುವ ಪತ್ರ.

ಇಬ್ಬರನ್ನೂ ಮತ್ತೆ ಕರೆಸಿ, ಬರೆಯಲು ಪೆನ್ನು ತೆಗೆದಾಗ ತಾಯಮ್ಮ ದನಿ ತಗ್ಗಿಸಿದಳು. "ತಲೆ ಕೆಟ್ಟದೆ ಅಂತ ಬರೀಬ್ಯಾಡಿ ಸಾ. ಮಗ್ಳಿಗೆ ಗಂಡು ನೋಡ್ತಾ ಇವಿ."

ನನಗೂ ಹೆಣ್ಣುಮಕ್ಕಳಿದ್ದಾರೆ. ಮನಸ್ಸು ಕರಗಿ 'ತಲೆನೋವು, ನಿದ್ರಾಹೀನತೆ' ಎಂದು ಗೀಚಿದೆ. ದೊಡ್ಡ ಉಪಕಾರ ಮಾಡಿದವನಂತೆ ಒಳಗೊಳಗೇ ಬೀಗಿದ್ದೂ ನಿಜ.

ಮೈಸೂರಿನ ಆ ಆಸ್ಪತ್ರೆಯ ಕಾರ್ಡ್ ಕೌಂಟರಿನವರು ಚೀಟಿ ಓದಿ ಅವರನ್ನು ಸಾಮಾನ್ಯ ವಿಭಾಗಕ್ಕೆ ಕಳಿಸಿದರು. ತಾಯಮ್ಮ ಅಲ್ಲೂ ಬಾಯಿ ಬಿಡಲಿಲ್ಲ. ಸ್ಕ್ಯಾನ್‌ನಲ್ಲಿ ಏನೂ ಕಾಣದೆ ಮಾತ್ರೆ ಕೊಟ್ಟು ಕಳಿಸಿದರು. ಹತ್ತು ದಿನಕ್ಕೆ ಮತ್ತೆ ನನ್ನೆದುರು ಬಂದಾಗ ಸಿದ್ದರಾಜು ನೀರನ್ನೂ ಬಿಟ್ಟಿದ್ದ. ನನಗೆ ನಾಚಿಕೆಯಾಯಿತು. ತಪ್ಪು ನನ್ನದೇ ಎಂದು ಆಕೆಗೆ ಹೇಳಿದೆ.

ಆಕೆ ಗಂಡನ ಒಣಗಿದ ತುಟಿಯನ್ನು ಸೆರಗಿನಿಂದ ಒರೆಸಿದಳು. "ಇರಾದ್ನ ಇದ್ದಂಗೆ ಬರ್ದುಬುಡಿ ಸಾ. ಇವ್ರು ಉಳುದ್ರೆ ತಾನೇ ಮಗ್ಳ ಮದ್ವೆ."

ಡ್ರಿಪ್ ಹಾಕಿಸಿ, ಕಂಡ ಲಕ್ಷಣಗಳನ್ನೆಲ್ಲ ಬರೆದು, 'ತೀವ್ರ ಮನೋರೋಗ, ತುರ್ತು ದಾಖಲಾತಿ ಅಗತ್ಯ' ಎಂದು ಸಹಿ ಮಾಡಿ, ಅದೇ ಆಸ್ಪತ್ರೆಗೆ ಆಂಬುಲೆನ್ಸ್ ಹತ್ತಿಸಿದೆ. ಅದೇ ದಿನ ಕಾರ್ಡಿನ ಮೇಲೆ ಹಾಸಿಗೆ ಸಿಕ್ಕಿತು. ಹತ್ತೊಂಬತ್ತನೇ ದಿನ ಸಿದ್ದರಾಜು ಹೆಂಡತಿ ಕೊಟ್ಟ ಮುದ್ದೆ ಉಂಡು ಮನೆಗೆ ಹೊರಟ. ಆಮೇಲಿನ ತಪಾಸಣೆಗೆ, ತಿಂಗಳಿಗೊಮ್ಮೆ ಕೊಳ್ಳೇಗಾಲಕ್ಕೆ ಬರುವ ಮನೋವೈದ್ಯರೇ ಸಾಕಾದರು.

ಮಗಳ ಮದುವೆ ಮರುವರ್ಷ ಧನಗೆರೆಯ ಹುಡುಗನೊಂದಿಗೆ ನಡೆಯಿತು. ಹುಡುಗನ ಮನೆಯವರಿಗೆ ಏನನ್ನೂ ಮುಚ್ಚಿಡಲಿಲ್ಲ ಎಂದು ತಾಯಮ್ಮನೇ ಹೇಳಿದಳು.

ನನ್ನ ನೌಕರಿಯ ಕೊನೆಯ ವಾರದಲ್ಲಿ ಸಿದ್ದರಾಜು ತನ್ನೂರಿನ ಒಬ್ಬನ ಕೈ ಹಿಡಿದುಕೊಂಡು ಬಂದ. ಸಾಲಿನಲ್ಲಿದ್ದ ಅಷ್ಟೂ ಜನರ ಮುಂದೆ, "ನಂಗಾಗಿತ್ತಲ್ಲ ಸಾ, ಇವ್ನಿಗೂ ಅದೇಯ. ಸರ್ಯಾಗಿ ಬರ್ಕೊಡಿ," ಎಂದ.

ಮೂವತ್ತು ವರ್ಷದ ನೌಕರಿಯಲ್ಲಿ ರೆಫರಲ್ ಬರೆಯುವುದನ್ನು ನಾನು ಸರಿಯಾಗಿ ಕಲಿತದ್ದು ಈ ದಂಪತಿಯಿಂದ. ಆ ಹೊಸಬನನ್ನು ಪರೀಕ್ಷಿಸಿ, ಸಿದ್ದರಾಜುವಿನೆದುರೇ ಕಾಯಿಲೆಯ ಹೆಸರನ್ನು ಬಿಡಿಸಿ ಬರೆದುಕೊಟ್ಟೆ.