ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ

ಮಾದಾಪುರದ ಹತ್ತಿರ ಒಂದು ಎಸ್ಟೇಟಿನ ಕೆಲಸಗಾರರ ಲೈನ್‌ಮನೆಗಳಲ್ಲಿ ವಾಂತಿಭೇದಿ ಹರಡಿತ್ತು. ಆಶಾ ಕಾರ್ಯಕರ್ತೆಯಾಗಿದ್ದ ನಾನು ಎಲ್ಲರೂ ನೀರು ಸೇದುವ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಿದ್ದೆ. ಹಿಂದಿನ ದಿನವಷ್ಟೇ ಮಗಳನ್ನು ಮಣ್ಣು ಮಾಡಿದ್ದ ಕೆಲಸಗಾರನೊಬ್ಬ ಓಡಿಬಂದ.

"ನೀರಿಗೆ ವಿಷ ಹಾಕ್ತೀಯಾ?" ಎಂದು ಕೆನ್ನೆಗೆ ಬಾರಿಸಿದ. ಬಿದ್ದ ನನ್ನ ಹೊಟ್ಟೆಗೆ ಒದ್ದ. ಬಾಯಿಂದ ರಕ್ತ ಬಂತು. ಅವನು ಕತ್ತಿ ಎತ್ತಿದಾಗ ಹೆಂಡತಿಯೇ ಹಾರಿ ಬಂದು ಅವನ ಕೈ ಕಚ್ಚಿದಳು.

"ನೀರು ಕಾಯ್ಸಿ ಕುಡೀರಿ ಅಂತ ಈ ಅಕ್ಕ ಮೊದ್ಲೇ ಹೇಳಿದ್ರು. ಸೌದೆ ದಂಡ ಅಂದವ್ನು ನೀನೇ ಅಲ್ವಾ!" ಎಂದು ಕಿರುಚಿದಳು.

ಕತ್ತಿ ಕೆಳಗೆ ಬಿತ್ತು. ಅವನು ಬಾವಿಕಟ್ಟೆಗೆ ತಲೆ ಚಚ್ಚಿಕೊಂಡು ಅತ್ತ.

ನಾನು ದೂರು ಕೊಡಲಿಲ್ಲ. ಮರುದಿನ ಊದಿದ ಮುಖದಲ್ಲೇ ಲೈನ್‌ಮನೆಗಳಿಗೆ ಹೋದೆ. ಪ್ರತಿ ಒಲೆಯ ಮೇಲೂ ನೀರು ಕುದಿಯುತ್ತಿತ್ತು. ಆ ವಾರ ಕಳೆದ ಮೇಲೆ ಹೊಸದಾಗಿ ಯಾರೂ ಹಾಸಿಗೆ ಹಿಡಿಯಲಿಲ್ಲ.