ಡಾಕ್ಟ್ರಮ್ಮನ ಅವ್ವನಿಗೊಂದು ಎಡೆ

ಹೊಳಲ್ಕೆರೆಯ ನಮ್ಮ ಹಲ್ಲಿನ ಡಾಕ್ಟರ್ ರೇಣುಕಾ, ಬಾಯಿ ತುಂಬ ಮಾತಾಡುವ ಹೆಣ್ಣುಮಗಳು. ಆದರೆ ಗುಲಾಬಿ ಬಣ್ಣದ ಸಣ್ಣ ಕಡ್ಡಿಗಳನ್ನು ಔಷಧಿಯ ಬಟ್ಟಲಿಗೆ ಹಾಕಿದರೆಂದರೆ ಪೂಜೆಗೆ ಕುಳಿತವರಂತೆ ಮೌನ. ಮಾತಾಡಿಸಿದವರನ್ನು ಕೈಯೆತ್ತಿ ತಡೆಯುತ್ತಿದ್ದರು.

ಹಲ್ಲಿನ ಬೇರು ತೊಳೆದ ಮೇಲೆ ಒಳಗೆ ತುಂಬುವ ಕಡ್ಡಿಗಳವು, ರಬ್ಬರಿನಂಥವು. ಕುದಿಸಿದರೆ ಕೆಟ್ಟುಹೋಗುತ್ತವಂತೆ, ಅದಕ್ಕೇ ಕ್ರಿಮಿನಾಶಕದಲ್ಲಿ ಅದ್ದುವುದು. "ಬೇಗ ತೆಗೆದ್ರೆ ಕ್ರಿಮಿ ಉಳೀತಾವೆ, ಮರ್ತು ಬಿಟ್ರೆ ಕಡ್ಡಿ ಸೋತು ಹರೀತೈತೆ. ಒಲೆ ಮೇಲಿನ ಹಾಲಿದ್ದಂಗೆ ಕಣ್ರಿ, ನೋಡ್ಕಂಡೇ ಇರ್ಬೇಕು," ಎನ್ನುತ್ತಿದ್ದರು.

ನನ್ನ ಹಲ್ಲಿಗೆ ತುಂಬುವುದೊಂದೇ ಬಾಕಿಯಿತ್ತು. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆಯಿಟ್ಟು ಹೋಳಿಗೆ ತಿನ್ನುವಾಗ ಮೇಲೆ ಮೆತ್ತಿದ್ದ ಸಿಮೆಂಟು ಕಿತ್ತುಬಂತು. ಕ್ಲಿನಿಕ್ಕಿಗೆ ಓಡಿದೆ. ಡಾಕ್ಟ್ರಮ್ಮ ಬ್ಯಾಗು ಹೆಗಲಿಗೇರಿಸಿ ತವರೂರು ಮದಕರಿಪುರಕ್ಕೆ ಹೊರಟಿದ್ದರು. ಅವರವ್ವ ತೀರಿಕೊಂಡ ಮೇಲೆ ಮೊದಲ ಎಡೆ. ಒಬ್ಬಳೇ ಮಗಳು, ದೀಪ ಹಚ್ಚುವುದರೊಳಗೆ ಇಡಬೇಕು.

"ಬರ್ರಿ ಸುಶೀಲಕ್ಕ, ಕುಂತ್ಕಳ್ರಿ. ತುಂಬೋದೊಂದೇ ಐತಲ್ಲ," ಎಂದು ಬ್ಯಾಗು ಇಳಿಸಿದರು.

ಕಡ್ಡಿ ಬಟ್ಟಲಿಗೆ ಬಿತ್ತು. ದೇವರು ದೊಡ್ಡವನು, ಇವರು ಸಿಕ್ಕರಲ್ಲ ಎಂಬ ಖುಷಿಗೆ ನಾನು, ಬೇಡಿಕೊಂಡವರಿಗೆ ಪ್ರಸಾದ ತೇಲಿಬರುವ ಹಾಲುರಾಮೇಶ್ವರದ ಕೊಳದಲ್ಲಿ ನನಗೆ ಬಾಳೆಹಣ್ಣು ತೇಲಿಬಂದ ಸಂಗತಿ ಶುರುಮಾಡಿದೆ. ಅವರ ಕೈ ಮೇಲೆದ್ದಿತು. "ನಿಮ್ಮವ್ವನ ಸಲ್ವಾಗೂ ಬೇಡ್ಕಂಡಿದ್ದೆ ಕಣವ್ವ," ಎಂದೆ. ಎದ್ದ ಕೈ ಕೆಳಗಿಳಿಯಿತು.

"ಏನಂತ ಬೇಡ್ಕಂಡ್ರಿ?"

ಹೇಳುತ್ತಲೇ ಹೋದೆ. ಬಟ್ಟಲು ಇಬ್ಬರಿಗೂ ಮರೆತಿತ್ತು.

ಕಡ್ಡಿಯನ್ನು ಬೇರಿಗಿಳಿಸಿ, ಅಳತೆ ನೋಡಲು ಎಳೆದಾಗ ತುದಿ ಹರಿದು ಒಳಗೇ ಉಳಿಯಿತು. ಅವರ ಮುಖ ಇಳಿದುಹೋಯಿತು.

"ನನ್ನ ಮಾತಿಂದ ಆಯ್ತು. ನೀವು ಹೊರಡ್ರಿ, ನಾಳೆ ತೆಗೆಯೋರಂತೆ," ಎಂದೆ.

"ಬಾಯಿ ನಿಮ್ದು, ಕಡ್ಡಿ ನಂದು. ಅರ್ಧಕ್ಕೆ ಬಿಟ್ಟು ಬಂದೆ ಅಂದ್ರೆ ನಮ್ಮವ್ವ ಎಡೆ ಮುಟ್ತಾಳೇನ್ರಿ? ತೆಗೀರಿ ಬಾಯಿ."

ನಕ್ಕರು. ಆದರೆ ಕಿಟಕಿಯಾಚೆ ಬೀದಿದೀಪ ಹತ್ತಿದಾಗ ಅವರ ಕೈ ಒಂದು ಕ್ಷಣ ನಿಂತಿತು. ಬಾಯಿ ತೆರೆದುಕೊಂಡಿದ್ದ ನಾನು ಕಣ್ಣು ಮುಚ್ಚಿಕೊಂಡೆ. ಆ ತುಣುಕು ಹೊರಬಂದು, ಹೊಸ ಕಡ್ಡಿ ಅದ್ದಿ ತುಂಬುವಷ್ಟರಲ್ಲಿ ಪೂರ್ತಿ ಕತ್ತಲಾಗಿತ್ತು. ಎರಡನೇ ಸಲ ಅದ್ದುವಾಗ ಇಬ್ಬರೂ ಉಸಿರೆತ್ತಲಿಲ್ಲ.

ಮುಂದಿನ ವರ್ಷ ಅವರು ಗಂಡನ ಜೊತೆ ಬೇರೆ ಊರಿಗೆ ಹೋದರು. ಕ್ಲಿನಿಕ್ಕಿನ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ. ಆ ಹಲ್ಲು ಇಂದಿಗೂ ನೋಯುವುದಿಲ್ಲ. ದೇವರು ಕೊಟ್ಟ ಸಣ್ಣಪುಟ್ಟದ್ದನ್ನೆಲ್ಲ ನೆನೆದು ಕೈಮುಗಿಯುವವಳು ನಾನು. ಇದೊಂದನ್ನು ನೆನೆದರೆ ಮಾತ್ರ ಮುಗಿದ ಕೈ ಭಾರವಾಗುತ್ತದೆ.

ಈಗ ಪ್ರತಿ ಮಹಾಲಯಕ್ಕೆ, ದೀಪ ಹಚ್ಚುವ ಮೊದಲು, ನಮ್ಮ ಹಿರಿಯರ ಪಕ್ಕದಲ್ಲಿ ಇನ್ನೊಂದು ಎಲೆ ಹಾಕುತ್ತೇನೆ. ಅಂದು ಅಷ್ಟು ಮಾತಾಡಿದವಳು ಆ ತಾಯಿಯ ಹೆಸರು ಕೇಳಿರಲಿಲ್ಲ. ಹೋಳಿಗೆ ಬಡಿಸಿ, ತಲೆಯ ಮೇಲೆ ಸೆರಗು ಹೊದ್ದು ಮೆಲ್ಲಗೆ ಕರೆಯುತ್ತೇನೆ: "ಡಾಕ್ಟ್ರಮ್ಮನ ಅವ್ವ, ಬರ್ರಿ, ಕುಂತ್ಕಳ್ರಿ."

ಆಮೇಲೆ ತುಟಿ ಬಿಚ್ಚುವುದಿಲ್ಲ.