ಹಲಗೆಯ ಮೇಲಿನ ಹೆಸರು

ನಾವಿದ್ದ ಕಾಫಿ ಎಸ್ಟೇಟಿನ ಸ್ಟೋರಿನಲ್ಲಿ ಒಂದು ಪದ್ಧತಿಯಿತ್ತು. ಮುರಿದ ವಸ್ತು ಯಾವುದೇ ಬರಲಿ, ಮುರಿದವರ ಹೆಸರನ್ನು ಲೆಕ್ಕ ಬರೆಯುವ ರೈಟರು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ರಿಪೇರಿ ಮುಗಿಯುವವರೆಗೆ ಅದು ಎಲ್ಲರ ಕಣ್ಣಿಗೆ ಬೀಳುವಂತೆ ಬಾಗಿಲ ಪಕ್ಕದಲ್ಲಿರಬೇಕು. ಗುದ್ದಲಿ, ಕತ್ತಿ, ಔಷಧಿ ಹೊಡೆಯುವ ಪಂಪುಗಳ ಮೇಲೆ ಆಳುಗಳ ಹೆಸರು ಓದಿಯೇ ನಾನು ಅಕ್ಷರ ಕಲಿತೆನೆನ್ನಬಹುದು. ಮಾಲೀಕರ ಹೆಸರನ್ನು ಮಾತ್ರ ಯಾವುದರ ಮೇಲೂ ಕಂಡಿರಲಿಲ್ಲ. ಅವರ ಕೈಯಲ್ಲಿ ಏನೂ ಮುರಿಯುವುದಿಲ್ಲವೆಂದು ಬಹಳ ಕಾಲ ನಂಬಿದ್ದೆ. ಅಪ್ಪನ ಹೆಸರೂ ಇರಲಿಲ್ಲ. ಅವನು ಸ್ಟೋರಿನ ಮೆಕ್ಯಾನಿಕ್. ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ಹೆಸರು ಬರೆಸಿಕೊಂಡವನಲ್ಲ ಎಂಬುದೊಂದೇ ಅವನ ಹೆಮ್ಮೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಾಲೀಕರಿಗೆ ಹಾಯಿದೋಣಿಯ ಹುಚ್ಚು ಹಿಡಿಯಿತು. ಆಲೂರಿನ ಕಡೆಯ ಹೇಮಾವತಿ ಹಿನ್ನೀರಿಗೆ ಪುಟ್ಟದೊಂದು ದೋಣಿ ಬಂತು. ಅದರ ನಡುವಿನ ಸೀಳಿನಲ್ಲಿ ಇಳಿಬಿಡುವ ಫೈಬರ್ ಗ್ಲಾಸಿನ ಹಲಗೆ ನೀರೊಳಗೆ ನಿಂತು, ದೋಣಿ ಗಾಳಿಗೆ ಅಡ್ಡಡ್ಡ ಜಾರದಂತೆ ಹಿಡಿಯುತ್ತದೆ. ದೋಣಿ ವಾಲದಿರಲು ಭಾರವೂ ಬೇಕಲ್ಲ. ಭಾನುವಾರಗಳಲ್ಲಿ ಅಪ್ಪ ಆ ಭಾರವಾಗಿ ನೇಮಕಗೊಂಡ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಎಂದೋ ಮುಳುಗಿದ ಮರಗಳ ಬೊಡ್ಡೆಗಳು ತಲೆಯೆತ್ತುತ್ತವೆ. ಮುಂದೆ ಬೊಡ್ಡೆಯಿದೆಯೆಂದು ಅಪ್ಪ ಎರಡು ಸಲ ಹೇಳಿದನಂತೆ. ಚುಕ್ಕಾಣಿ ಹಿಡಿದಿದ್ದ ಮಾಲೀಕರು, ದೋಣಿಯ ವಿಷಯ ತಾನು ಪುಸ್ತಕ ಓದಿ ತಿಳಿದಿದ್ದೇನೆ ಎಂದರಂತೆ. ಬೊಡ್ಡೆ ಪುಸ್ತಕ ಓದಿರಲಿಲ್ಲ. ಹಲಗೆಯ ಕೆಳಗಿನ ಅಂಚು ಸೀಳಿ ಪದರ ಪದರವಾಗಿ ಬಿಚ್ಚಿಕೊಂಡಿತು. ಅದು ಸ್ಟೋರಿಗೆ ಬಂದೊಡನೆ ರೈಟರು ಅಪ್ಪನ ಹೆಸರು ಬರೆದರು.

ನಾನಾಗ ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ, ರಜೆಗೆ ಬಂದಿದ್ದೆ. ಉತ್ತರದಾಯಿತ್ವ ಎಂಬ ಪದವನ್ನು ದಿನಕ್ಕೆ ಹತ್ತು ಸಲ ಬಳಸುತ್ತಿದ್ದ ಕಾಲ. ಚುಕ್ಕಾಣಿ ಯಾರ ಕೈಯಲ್ಲಿತ್ತೆಂದು ರೈಟರನ್ನೇ ಕೇಳಿದೆ.

"ದೋಣೀಲಿ ಇದ್ದಿದ್ದು ಇಬ್ರು. ಅದ್ರಲ್ಲಿ ಒಬ್ರ ಹೆಸ್ರು ಬರ್ಯಕ್ಕಾಗಲ್ಲ. ಉಳಿದೋರು ಯಾರು ಅಂತ ನೀನೇ ಹೇಳವ್ವ" ಎಂದರು.

ಇಷ್ಟು ಸ್ಪಷ್ಟವಾದ ತರ್ಕವನ್ನು ನಮ್ಮ ಪ್ರಾಧ್ಯಾಪಕರಿಂದಲೂ ನಾನು ಕೇಳಿರಲಿಲ್ಲ.

ಅಪ್ಪ ಕೆಲಸಕ್ಕೆ ಕೂತ. ಔಷಧಿ ಬೆರೆಸುವ ಫೈಬರ್ ಟ್ಯಾಂಕುಗಳಿಗೆ ತೇಪೆ ಹಾಕಿದ ಅನುಭವ ಅವನಿಗಿತ್ತು. ಕಾಫಿ ಒಣಗಿಸುವ ಕಣದಲ್ಲಿ ಹಲಗೆಯನ್ನು ನಾಲ್ಕು ದಿನ ಬಿಸಿಲಿಗೆ ಹಾಕಿ, ದಿನವೂ ಬೆರಳ ಗೆಣ್ಣಿನಿಂದ ಬಡಿದು ಕೇಳಿದ. ಒಳಗೆ ತೇವವಿದ್ದರೆ ಸದ್ದು ಮಂಕಾಗಿರುತ್ತದೆ. ಬಿಚ್ಚಿದ ಪದರಗಳನ್ನು ಕೆತ್ತಿ, ಸುತ್ತಲಿನ ಅಂಚನ್ನು ಇಳಿಜಾರಾಗಿ ಉಜ್ಜಿದ. ಉಜ್ಜುವಾಗ ಅವನ ಹೆಸರು ಅಳಿಯುತ್ತಿತ್ತು. ಸಂಜೆ ರೈಟರು ತಪ್ಪದೆ ಮತ್ತೆ ಬರೆದು ಹೋಗುತ್ತಿದ್ದರು.

ಏಳನೆಯ ದಿನ ಬೆಳಿಗ್ಗೆ ಅಪ್ಪ ತೇಪೆಯ ಅಂಟಾದ ರೆಸಿನ್ ಕಲಸಲು ಒಳಗೆ ಹೋದಾಗ ನಾನು ಸೀಮೆಸುಣ್ಣವನ್ನು ಒರೆಸಿ, ಉಜ್ಜಿದ ಜಾಗದಲ್ಲಿ ಪೆನ್ಸಿಲಿನಿಂದ ಮಾಲೀಕರ ಪೂರ್ಣ ಹೆಸರನ್ನು ದುಂಡಗೆ ಬರೆದೆ. ಅಪ್ಪ ಬಂದು ನೋಡಿದ. ನನ್ನನ್ನೂ ನೋಡಿದ. ಕಲಸಿದ ರೆಸಿನ್ ಯಾರಿಗೂ ಕಾಯುವುದಿಲ್ಲ, ಬೇಗ ಗಟ್ಟಿಯಾಗುತ್ತದೆ. ಗಾಜಿನ ನಾರಿನ ಬಟ್ಟೆಯನ್ನು ಅದರ ಮೇಲೇ ಹಾಸಿದ. ನಾನು ಬ್ರಷ್ಷಿನಿಂದ ಗುಳ್ಳೆಗಳನ್ನು ಒತ್ತಿ ತೆಗೆದೆ. ರೆಸಿನ್ ಕುಡಿದಂತೆ ಬಿಳಿ ಬಟ್ಟೆ ಪಾರದರ್ಶಕವಾಗುತ್ತದೆಂದು ಆಗಲೇ ನನಗೆ ತಿಳಿದದ್ದು. ಹೆಸರು ಒಂದೊಂದೇ ಅಕ್ಷರವಾಗಿ ಮೇಲೆದ್ದು ಬಂತು. ನನಗೆ ಒಂದು ಕ್ರಾಂತಿ ಮುಗಿಸಿದಷ್ಟು ಸಂತೋಷವಾಯಿತು.

ಮಧ್ಯಾಹ್ನ ಮಾಲೀಕರು ಬಂದರು. ಗಟ್ಟಿಯಾಗಿದ್ದ ಹಲಗೆಯ ಮೇಲೆ ಬಾಗಿ ಬಹಳ ಹೊತ್ತು ಓದಿದರು.

"ಯಾರು ಬರ್ದಿದ್ದು ಇದು?"

ನಾನು ಅಲ್ಲೇ ನಿಂತಿದ್ದೆ. ಉತ್ತರದಾಯಿತ್ವವನ್ನು ಕುರಿತ ನನ್ನ ಪ್ರಬಂಧಕ್ಕೆ ಆ ವರ್ಷ ಬಹುಮಾನ ಬಂದಿತ್ತು. ನಾನು ಬಾಯಿ ಬಿಡಲಿಲ್ಲ.

"ನಾನೇ ಸಾ" ಎಂದ ಅಪ್ಪ.

"ಅಕ್ಷರ ಚೆನ್ನಾಗಿದೆ ಮಾರಾಯ. ಬಿಳಿ ಬಣ್ಣ ಹೊಡ್ದುಬಿಡು" ಎಂದು ಮಾಲೀಕರು ಜೀಪು ಹತ್ತಿದರು. ಚುಕ್ಕಾಣಿಯ ಮಾತನ್ನು ಎತ್ತಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

ಅಪ್ಪ ಬಣ್ಣದ ಡಬ್ಬಿ ತೆರೆದು ಬ್ರಷ್ಷಿಗೆ ಕೈ ಚಾಚಿದ. ಬೆಳಿಗ್ಗೆ ನಾನು ತೊಳೆಯದೆ ಬಿಟ್ಟಿದ್ದ ಬ್ರಷ್ಷು ರೆಸಿನ್ ಕಚ್ಚಿ ಕಲ್ಲಾಗಿತ್ತು. ಅದನ್ನು ಬಾಗಿಲ ಪಕ್ಕದಲ್ಲಿಟ್ಟು, ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟ.

"ಇದ್ರ ಮ್ಯಾಲೂ ನಂದೇ ಬರೀತೀಯೇನವ್ವ?"

ನಾನು ಕೂತು ನನ್ನ ಹೆಸರು ಬರೆದೆ. ಅಷ್ಟು ದುಂಡಗೆ ಬರಲಿಲ್ಲ.